ಅಟ್ಟದ ಮೇಲಿನ ಬೀಜದ ಕಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಒಂದು ಮನೆಯ ಸ್ಥಿತಿಗತಿಯನ್ನು ಅರಿಯಬೇಕಾದರೆ ಹಜಾರವನ್ನಲ್ಲ, ಅಟ್ಟವನ್ನು ನೋಡಬೇಕು. ಬಲಿತ ಕಾಯಿ ಅಲ್ಲಿ ತಿಂಗಳುಗಟ್ಟಲೆ ತಪಸ್ಸು ಮಾಡಿ, ಒಳಗಿನ ನೀರನ್ನೆಲ್ಲ ನೀಗಿಕೊಂಡು, ಅಲ್ಲಾಡಿಸಿದರೆ ಗೊಟಗೊಟನೆ ಸದ್ದುಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ತುರುವೇಕೆರೆಯ ಆಚೆಯ ಹಳ್ಳಿಯೊಂದರ ಗಣಿತದ ಮೇಷ್ಟರ ಅಟ್ಟದಲ್ಲಿ ಕಾಯಿಗಳ ಪಕ್ಕದಲ್ಲಿ ಎಂಟು ಕಂಪ್ಯೂಟರುಗಳೂ ಬಂದು ಕುಳಿತಾಗ ಅವರ ಮಡದಿ ಕೇಳಿದ್ದು ಸಹಜವೇ ಆಗಿತ್ತು:

"ಏನೂಂದ್ರೆ, ಇವು ಯಾವಾಗ ಕೊಬ್ಬರಿ ಆಗ್ತವೆ?"

ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಕೊಡಿಸಿದ್ದ ಯಂತ್ರಗಳವು. ಅವುಗಳಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನದಾದ 11 ಈ ಹಳೆಯ ಯಂತ್ರಗಳಿಗೆ ಹೊಂದಲೊಲ್ಲದು. ಯಂತ್ರ ಕೆಟ್ಟಿರಲಿಲ್ಲ, ಕಾಲ ಕೆಟ್ಟಿತ್ತು. ಗುಜರಿಯವನು ತಕ್ಕಡಿ ಹಿಡಿದು ಶಾಲೆಯ ಬಾಗಿಲಿಗೆ ಬಂದ. ಮೇಷ್ಟರ ನಿವೃತ್ತಿಗೆ ಏಳೆಂಟು ತಿಂಗಳಷ್ಟೇ ಉಳಿದಿತ್ತು. ಸುಮ್ಮನಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಅವರು ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಯಂತ್ರಗಳನ್ನು ಮನೆಗೆ ಸಾಗಿಸಿ, ಒಂದೊಂದನ್ನೇ ಅಟ್ಟದಿಂದಿಳಿಸಿ ಲಿನಕ್ಸ್ ತುಂಬತೊಡಗಿದರು.

ಈ ಲಿನಕ್ಸಿನ ತಿರುಳನ್ನು 1991ರಲ್ಲಿ ಬರೆದವನು ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್. ಅದಕ್ಕೆ ಎಂಟು ವರ್ಷ ಮೊದಲೇ ಅಮೆರಿಕದ ರಿಚರ್ಡ್ ಸ್ಟಾಲ್ಮನ್, ಬಳಸಲು, ಬಿಚ್ಚಿ ನೋಡಲು, ತಿದ್ದಲು, ಹಂಚಲು ಎಲ್ಲರಿಗೂ ಹಕ್ಕಿರುವ ತಂತ್ರಾಂಶಗಳ ಕಾರ್ಯಕ್ಕೆ ಕೈಹಾಕಿದ್ದನು. ಮೇಷ್ಟರು ಇದನ್ನು ಮಕ್ಕಳಿಗೆ ತಿಳಿಸಿದ ಬಗೆಯೇ ಬೇರೆ: "ನೆರೆಯವರು ಒಳ್ಳೆ ಮರದ ಬೀಜದ ಕಾಯಿ ಕೊಟ್ಟರು ಅನ್ನಿ. ಅದನ್ನ ನೆಡಬೇಡ, ಸಸಿ ಯಾರಿಗೂ ಕೊಡಬೇಡ ಅಂತಾರೇನ್ರೋ?"

ನೆರೆಯ ಕೇರಳದಲ್ಲಿ ಇದು ಹೊಸದೇನಲ್ಲ. ಅಲ್ಲಿ 2001ರಲ್ಲಿ ಐಟಿ@ಸ್ಕೂಲ್ ಎಂದು ಆರಂಭವಾಗಿ, 2017ರಲ್ಲಿ ಕೈಟ್ ಎಂಬ ಹೆಸರು ಪಡೆದ ಸಂಸ್ಥೆ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸನ್ನೇ ರೂಢಿಗೆ ತಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಆದರೆ ಉಚಿತವಾಗಿ ಬಂದದ್ದು ಸುಲಭವಾಗಿ ನಡೆಯಬೇಕೆಂದೇನೂ ಇಲ್ಲ. ಮೊದಲ ವಾರ ಪ್ರಿಂಟರು ಮೌನವ್ರತ ಹಿಡಿಯಿತು. ಮೇಷ್ಟರು ರಾತ್ರಿಯೆಲ್ಲ ಕುಳಿತು, ತಪ್ಪಿ, ಮತ್ತೆ ಕಲಿತರು. ಪೋಷಕರೊಬ್ಬರು ಬಂದು ಕೇಳಿದರು:

"ಪ್ಯಾಟೇಲಿ ಇದು ನಡೀತದಾ ಮೇಷ್ಟ್ರೇ? ನಾಳೆ ಹುಡುಗ್ರಿಗೆ ಕೆಲಸ ಸಿಗಬೇಕಲ್ಲ?"

ಮೇಷ್ಟರು ಅವರ ಜೇಬಿನತ್ತ ಕೈ ತೋರಿದರು. "ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ ಗೌಡ್ರೇ. ಒಂದು ತೋಟದಲ್ಲಿ ಮರ ಹತ್ತಕ್ಕೆ ಕಲಿತವನು ಇನ್ನೊಂದು ತೋಟದಲ್ಲಿ ಬೀಳ್ತಾನೆಯೇ?"

ಗೌಡರು ನಕ್ಕರು, ಪೂರ್ತಿ ಒಪ್ಪಿದರೆಂದು ಹೇಳಲಾಗದು.

ಆ ಶಾಲೆಯಲ್ಲಿ ಕಾಯಿ ಸುಲಿಯುವವರೊಬ್ಬರ ಮಗಳಿದ್ದಳು. ಒಂಬತ್ತನೆಯ ತರಗತಿ, ಮಾತು ಕಡಿಮೆ. ಲಿಬ್ರೆ ಆಫೀಸಿನ ಆಯ್ಕೆಗಳು ಪರದೆಯ ಮೇಲೆ ಕನ್ನಡದಲ್ಲಿಯೇ ಮೂಡಿದ ದಿನ ಅವಳು ಹತ್ತಿರ ಬಂದು ಮೆಲ್ಲನೆ ನುಡಿದಳು:

"ಸಾರ್, ಈ ಮಾತನ್ನ ನಮ್ಮ ಕಡೆ ಯಾರೂ ಆಡಲ್ಲ."

"ಹಾಗಾದರೆ ಏನನ್ನಬೇಕಮ್ಮ?"

ಅವಳು ಹೇಳಿದಳು. ಅವಳ ಮಾತೇ ಸರಿಯಾಗಿತ್ತು. ಇದನ್ನು ಕನ್ನಡಕ್ಕೆ ತಂದವರು ಸ್ವಯಂಸೇವಕರೆಂದೂ, ತಿದ್ದುಪಡಿಯನ್ನು ಯಾರು ಬೇಕಾದರೂ ಸೂಚಿಸಬಹುದೆಂದೂ ಮೇಷ್ಟರು ತಿಳಿಸಿದಾಗ ಹುಡುಗಿ ನಂಬಲಿಲ್ಲ. ಪಠ್ಯಪುಸ್ತಕದಲ್ಲಿ ಅಚ್ಚಾದದ್ದನ್ನು ತಿದ್ದಿದರೆ ಬೈಗುಳವೇ ತಾನೆ ಸಿಗುತ್ತಿದ್ದದ್ದು? ಅಂದು ಸಂಜೆ ಅವಳು ಮನೆಗೆ ಹೋದದ್ದು ತಡವಾಗಿ. ಸೂಚನೆಯನ್ನು ಬರೆದು ಕಳುಹಿಸಿಯೇ ಹೋದಳು.

ನಿವೃತ್ತಿಯ ದಿನ ಶಾಲು, ಹಾರ, ಭಾಷಣಗಳೆಲ್ಲ ಮುಗಿದವು. ಮೇಷ್ಟರಿಗೆ ಇದ್ದದ್ದು ಒಂದೇ ಚಿಂತೆ: ತಾವು ಹೋದ ಮೇಲೆ ಆ ಕೊಠಡಿಗೆ ಬೀಗ ಬೀಳುವುದೇ? ಸಸಿಯನ್ನು ಪುಕ್ಕಟೆ ಕೊಡಬಹುದು. ಮೊದಲ ಬೇಸಿಗೆಗಳಲ್ಲಿ ನೀರೆರೆಯುವವರನ್ನು ಎಲ್ಲಿಂದ ತರುವುದು? ಹೊರಡುವ ಮುನ್ನ ಕೊಠಡಿಯತ್ತ ಇಣುಕಿದರು. ಹುಡುಗಿ ಪೆನ್‌ಡ್ರೈವ್ ಸಿಕ್ಕಿಸಿಕೊಂಡು, ಎಂಟನೆಯ ತರಗತಿಯ ಇಬ್ಬರಿಗೆ ಲಿನಕ್ಸ್ ತುಂಬುವ ಕ್ರಮವನ್ನು ಹೇಳಿಕೊಡುತ್ತಿದ್ದಳು.

ಮನೆಗೆ ಬಂದು ಅದನ್ನು ಹೇಳಿದಾಗ ಮಡದಿ ಅಟ್ಟದತ್ತ ನೋಡಿ ನಕ್ಕರು:

"ಮೊಳಕೆ ಬಂದ ಕಾಯಿ ಇನ್ನು ಕೊಬ್ಬರಿ ಆಗಲ್ಲ ಬಿಡಿ. ನೆಡೋದೇ ಸರಿ."