ಬಂದವರ ಎತ್ತಿಗೆ ಮೊದಲು

ವಿದ್ಯುತ್ ಕಾರು ಕೊಂಡ ಮೇಲೆ ನನಗೊಂದು ಚಾಳಿ ಅಂಟಿದೆ: ಯಾರ ಮನೆಗೆ ಹೋದರೂ ಗೋಡೆ ನೋಡುವುದು. ಮೊದಲು ಗೋಡೆಯ ಮೇಲಿನ ಫೋಟೋ ನೋಡಿ "ಇವರು ನಿಮ್ಮ ತಾತನವರಾ?" ಎಂದು ಕೇಳುತ್ತಿದ್ದವನು ಈಗ ಅದರ ಕೆಳಗಿನ ಪ್ಲಗ್ ನೋಡಿ "ಇದು 15 ಆಂಪಿಯರ್ರಾ?" ಎನ್ನುತ್ತೇನೆ. ಹೆಂಡತಿ ಮೊಣಕೈಯಿಂದ ತಿವಿಯುತ್ತಾಳೆ.

ಬೆಂಗಳೂರಿಗೆ ಇಂಥ ಕಾರು ಹೊಸದೇನಲ್ಲ. 2001ರಲ್ಲಿ ರೇವಾ ಇಲ್ಲಿಯೇ ರಸ್ತೆಗಿಳಿಯಿತು. ಎರಡು ಬಾಗಿಲು, ಒಂದು ಚಾರ್ಜಿಗೆ 80 ಕಿಲೋಮೀಟರು. ಮುಂದೆ ಲಂಡನ್ನಿಗೂ ಹೋಗಿ ಜಿ-ವಿಜ್ ಎಂದು ಹೆಸರು ಬದಲಿಸಿಕೊಂಡಿತು. ಸಿಗ್ನಲ್ಲಿನಲ್ಲಿ ಅದರ ಪಕ್ಕ ನಿಂತಾಗಲೆಲ್ಲ ನನ್ನ ಸ್ಕೂಟರೇ ಗಜರಾಜನಂತೆ ಕಂಡು ನಾನು ಬೀಗಿ ನಕ್ಕಿದ್ದೂ ಉಂಟು. ಆ ನಗುವಿನ ಬಡ್ಡಿಯನ್ನು ಈಗ ಕಟ್ಟುತ್ತಿದ್ದೇನೆ.

ಊರೊಳಗೆ ಮಾತ್ರ ಇದರಷ್ಟು ಸುಖದ ಗಾಡಿ ಇನ್ನೊಂದಿಲ್ಲ. ಕ್ಲಚ್ಚಿಲ್ಲ, ಗೇರಿಲ್ಲ, ಎಡಗಾಲಿಗೆ ನಿವೃತ್ತಿ. ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರು ಓಡುವುದರಿಂದ ಪೆಟ್ರೋಲ್ ಬಂಕಿನ ಹುಡುಗನ ಮುಖವೇ ಮರೆತುಹೋಗಿದೆ. ಸದ್ದಿಲ್ಲ ಎನ್ನುವುದು ಮಾತ್ರ ಅರ್ಧ ಸುಖ. ಎಂಜಿನ್ನಿನ ಗದ್ದಲದಲ್ಲಿ ಅಡಗಿರುತ್ತಿದ್ದದ್ದೆಲ್ಲ ಈಗ ಕೇಳಿಸುತ್ತದೆ: ಡಿಕ್ಕಿಯಲ್ಲಿ ಉರುಳುವ ತೆಂಗಿನಕಾಯಿ, ಹಿಂದಿನ ಸೀಟಿನ ನಿಟ್ಟುಸಿರು, ನನ್ನ ಡ್ರೈವಿಂಗಿನ ಬಗ್ಗೆ ಪಿಸುಮಾತಿನ ವಿಮರ್ಶೆ. ನಮ್ಮ ಬೀದಿಯ ನಾಯಿ ಮೊದಲು ಕಾರಿನ ಸದ್ದಿಗೇ ಎದ್ದು ದಾರಿ ಬಿಡುತ್ತಿತ್ತು. ಈಗ ಇಳಿದು ಹೋಗಿ ಎಬ್ಬಿಸಬೇಕು.

ತೊಂದರೆ ಶುರುವಾಗುವುದು ಊರು ದಾಟಿದ ಮೇಲೆ. ಕಳೆದ ಏಪ್ರಿಲ್‌ನಲ್ಲಿ ಪುತ್ತೂರಿನ ಹತ್ತಿರದ ಮಾವನ ಮನೆಗೆ ಹೊರಟೆವು. ಹಾಸನದ ಬಳಿಯ ಚಾರ್ಜರಿನ ಮುಂದೆ ಆಗಲೇ ಎರಡು ಕಾರು ಸರದಿಯಲ್ಲಿದ್ದವು. ಇಲ್ಲಿ ಕರೆಂಟಿನ ದರ ಮನೆಯದಕ್ಕಿಂತ ಎರಡು ಮೂರು ಪಟ್ಟು. ಅದೂ ಶೇಕಡಾ 80ರವರೆಗೆ ಗಟಗಟ ಕುಡಿಯುವ ಬ್ಯಾಟರಿ ಆಮೇಲೆ ಮದುವೆಮನೆಯ ಬೀಗರಂತೆ ಒಂದೊಂದೇ ತುತ್ತು. ಕಾಫಿ ಮುಗಿಯಿತು, ಇಡ್ಲಿ ಮುಗಿಯಿತು, ಇನ್ನೊಂದು ಕಾಫಿಯೂ ಮುಗಿಯಿತು.

ಆದರೆ ಶಿರಾಡಿ ಘಾಟಿ ಎಲ್ಲವನ್ನೂ ಮರೆಸಿತು. ಸಕಲೇಶಪುರ ದಾಟಿ ಇಳಿಜಾರು ಹಿಡಿದಾಗ ಬ್ಯಾಟರಿ 62 ಇತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಮೋಟಾರೇ ಜನರೇಟರಾಗಿ ಗಾಡಿಯನ್ನು ತಡೆಯುತ್ತ ಕರೆಂಟು ಹಿಂದಿರುಗಿಸುತ್ತದೆ. ಗುಂಡ್ಯ ತಲುಪುವಾಗ 64! ಪೆಟ್ರೋಲ್ ಟ್ಯಾಂಕು ಓಡುತ್ತ ಓಡುತ್ತ ತುಂಬಿದ್ದನ್ನು ಯಾರಾದರೂ ಕಂಡಿದ್ದೀರಾ? ಆ ಎರಡು ಅಂಕಿಗೆ ನಾನು ಪಟ್ಟ ಸಂತೋಷ ಸಂಬಳ ಹೆಚ್ಚಾದಾಗಲೂ ಪಟ್ಟಿರಲಿಲ್ಲ. (ಮರಳಿ ಹತ್ತುವಾಗ ಘಾಟಿ ಅದನ್ನು ಹತ್ತರಷ್ಟು ಮಾಡಿ ವಸೂಲು ಮಾಡಿತು, ಅದು ಬೇರೆ ಮಾತು.)

ಮಾವ ಬೆಲ್ಲ ನೀರು ತಂದಿಟ್ಟರು. ನಾನು ಗೋಡೆ ನೋಡುತ್ತಿದ್ದೆ.

"ಎಂತ ಮಾರಾಯ, ಎಂತ ಬೇಕು?"

ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮೊದಲು ನೆಂಟರು ಗಾಡಿಯಲ್ಲಿ ಬಂದರೆ ಎತ್ತಿಗೆ ಹುಲ್ಲು ಹಾಕಿಯೇ ಅವರಿಗೆ ಕಾಫಿ" ಎನ್ನುತ್ತ ಗ್ರೈಂಡರಿನ ಪ್ಲಗ್ ತೋರಿಸಿದರು. ಪಂಪಿನ ಕರೆಂಟಿಗೆ ಬಿಲ್ಲಿಲ್ಲವಲ್ಲ ಎಂದು ನಾನು ತಮಾಷೆ ಮಾಡಿದ್ದಕ್ಕೆ "ಅದು ತೋಟದ್ದು" ಎಂದು ಖಡಾಖಂಡಿತವಾಗಿ ಹೇಳಿದರು.

ಪ್ಲಗ್ ಸಿಕ್ಕಿಸಿದರೆ ಚಾರ್ಜರಿನಲ್ಲಿ ಕೆಂಪು ದೀಪ. ಅರ್ತಿಂಗ್ ಸರಿಯಿಲ್ಲವಂತೆ. ಗ್ರೈಂಡರು ಇಂಥದ್ದನ್ನೆಲ್ಲ ಕೇಳುವುದಿಲ್ಲ, ಇದಕ್ಕೆ ಮಡಿ ಜಾಸ್ತಿ. ನಾನು ಕಂಪನಿಯ ಸಹಾಯವಾಣಿಗೆ ಫೋನು ಮಾಡಿ ಹಾಡು ಕೇಳುತ್ತ ನಿಂತೆ. ಮಾವ ಮನೆಯ ಹಿಂದೆ ಹೋಗಿ, ಹಿಂದೆಂದೋ ಇದ್ದಿಲು ಉಪ್ಪು ತುಂಬಿ ಮುಚ್ಚಿದ್ದ ಅರ್ತಿನ ಗುಂಡಿಯ ತರಗೆಲೆ ಸರಿಸಿ, ಎರಡು ಕೊಡಪಾನ ನೀರು ಸುರಿದರು. ಬೇಸಿಗೆಯ ಒಣ ಮಣ್ಣು ಸೊರ್ರೆಂದು ಕುಡಿಯಿತು. ಮತ್ತೆ ಸಿಕ್ಕಿಸಿದರೆ ಹಸಿರು ದೀಪ. ಫೋನಿನಲ್ಲಿ ಇನ್ನೂ ಹಾಡು ನಡೆದಿತ್ತು.

ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಕರೆಂಟು ಹೋಗಿದೆಯೋ ಏನೋ ಎಂಬ ದಿಗಿಲಿನಿಂದ ಅಂಗಳಕ್ಕೆ ಬಂದೆ. ಮಾವ ಆಗಲೇ ಟಾರ್ಚು ಹಿಡಿದು ಕಾರಿನ ಪಕ್ಕ ನಿಂತಿದ್ದರು.

"ತಿನ್ನುತ್ತಾ ಉಂಟು. ನೀನು ಹೋಗಿ ಮಲಗು."