ಆಕಾಶದಲ್ಲಿ ನಿಂತುಹೋದ ವಿಮಾನ

ಮಕ್ಕಳೇ, ಹಾರುತ್ತಿರುವ ವಿಮಾನ ಆಕಾಶದ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡಬಲ್ಲದೆ? ಪ್ರಯಾಣಿಕರನ್ನು ಹೊತ್ತೊಯ್ಯುವ ರೆಕ್ಕೆಯ ವಿಮಾನಗಳಿಗೆ ಅದು ಸಾಧ್ಯವಿಲ್ಲ. ವಿಮಾನ ಮುಂದಕ್ಕೆ ಸಾಗುತ್ತಿದ್ದರೆ ಮಾತ್ರ ರೆಕ್ಕೆಗಳ ಮೇಲೂ ಕೆಳಗೂ ಗಾಳಿ ಹರಿದು, ಅದನ್ನು ಎತ್ತಿ ಹಿಡಿಯುವ ಬಲ ಹುಟ್ಟುತ್ತದೆ. ಆದರೆ ಒಂದಿಷ್ಟೂ ಅಲ್ಲಾಡದೆ ನಿಂತ ವಿಮಾನವೊಂದನ್ನು ನಾನು ನೋಡಿದ್ದೇನೆ. ಅದೂ ನಮ್ಮೂರು ಕಳ್ಳಂಬೆಳ್ಳದಲ್ಲಿ! ಅದು ನಿಂತದ್ದು ಕಂಪ್ಯೂಟರಿನ ಪರದೆಯ ಮೇಲೆ.

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಅನುಭವ ಕೊಡುವ ತಂತ್ರಾಂಶಕ್ಕೆ ಫ್ಲೈಟ್ ಸಿಮ್ಯುಲೇಟರ್ ಎನ್ನುತ್ತಾರೆ. ಅಂಥವುಗಳಲ್ಲಿ ‘ಫ್ಲೈಟ್‌ಗೇರ್’ ಒಂದು. 1996ರಲ್ಲಿ ಇದರ ಯೋಚನೆ ಮೊಳೆಯಿತು, 1997ರಲ್ಲಿ ಮೊದಲ ಆವೃತ್ತಿ ಹೊರಬಂತು. ಇದು ಮುಕ್ತ ತಂತ್ರಾಂಶ. ಹಾಗೆಂದರೇನು? ಹೋಟೆಲಿನವರು ನಮಗೆ ಸಾಂಬಾರು ಬಡಿಸುತ್ತಾರೆ, ಮಾಡುವ ವಿಧಾನ ಹೇಳುವುದಿಲ್ಲ. ಮುಕ್ತ ತಂತ್ರಾಂಶವೆಂದರೆ ಸಾಂಬಾರಿನ ಜೊತೆಗೆ ಮಾಡುವ ವಿಧಾನವನ್ನೂ ಬರೆದುಕೊಟ್ಟಂತೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಅನೇಕ ದೇಶಗಳ ಆಸಕ್ತರು ಸಂಬಳವಿಲ್ಲದೆ ಸೇರಿ ಕಟ್ಟಿದ ತಂತ್ರಾಂಶವಿದು.

ತಂತ್ರಾಂಶ ಬರೆಯುವುದು ನನ್ನ ಕೆಲಸ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಹಳೆಯ ಕಂಪ್ಯೂಟರೊಂದರಲ್ಲಿ ಫ್ಲೈಟ್‌ಗೇರ್ ಹಾಕಿ ಅಕ್ಕನ ಮಕ್ಕಳಿಗೆ ಕೊಟ್ಟೆ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಪುಟ್ಟ ಸೆಸ್ನಾ ವಿಮಾನವನ್ನು ಮೇಲೇರಿಸಿ, ವಾಯವ್ಯ ದಿಕ್ಕಿಗೆ ತಿರುಗಿಸಿ, ಅಜ್ಜಿಗೆ ನಮ್ಮ ಸೀಮೆಯನ್ನು ಮೇಲಿನಿಂದ ತೋರಿಸಬೇಕು ಎಂಬುದು ಹುಡುಗನ ಹಟ. ಅಜ್ಜಿ ಒಮ್ಮೆಯೂ ವಿಮಾನ ಹತ್ತಿದವರಲ್ಲ. ತುಮಕೂರು ದಾಟುವವರೆಗೆ ಎಲ್ಲವೂ ಸರಿಯಿತ್ತು. ಆಮೇಲೆ ಚಿತ್ರ ಅಲ್ಲಾಡಲಿಲ್ಲ. ಕೀಲಿ ಒತ್ತಿದರೂ ಉತ್ತರವಿಲ್ಲ.

“ಮಾವಾ, ಇಮಾನ ನಿಂತೋಯ್ತು!”

“ಅದ್ಯಾಕಪ್ಪ ನಿಂತ್ಕಂಡೈತೆ, ಗಾಳಿ ಇಲ್ವಾ?” ಎಂದರು ನಮ್ಮಮ್ಮ.

ಎಲ್ಲರೂ ನಕ್ಕರು. ಆದರೆ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ. ನಿಂತ ಯಂತ್ರದ ಮುಂದೆ ಕುಳಿತವರು ಮೊದಲು ಕೇಳಬೇಕಾದದ್ದು ಇದೇ: ಇದು ಯಾವುದಕ್ಕಾಗಿ ಕಾಯುತ್ತಿದೆ?

ಕುಸಿಯುವುದು ಬೇರೆ, ಹೆಪ್ಪುಗಟ್ಟುವುದು ಬೇರೆ

ಸಿಮ್ಯುಲೇಟರ್ ಮಾಡುವ ಕೆಲಸ ಒಂದು ಸುತ್ತಿನಂತೆ ನಡೆಯುತ್ತದೆ. ನೀವು ಯಾವ ಕೀಲಿ ಒತ್ತಿದಿರಿ ಎಂದು ನೋಡುವುದು, ವಿಮಾನ ಈಗ ಎಲ್ಲಿರಬೇಕೆಂದು ಲೆಕ್ಕ ಹಾಕುವುದು, ಚಿತ್ರ ಬರೆಯುವುದು, ಮತ್ತೆ ಮೊದಲಿನಿಂದ. ಫ್ಲೈಟ್‌ಗೇರ್ ಹಾರಾಟದ ಲೆಕ್ಕವನ್ನು ಸಾಮಾನ್ಯವಾಗಿ ಸೆಕೆಂಡಿಗೆ 120 ಸಲ ಮಾಡುತ್ತದೆ. ಸುತ್ತಿನ ಒಂದು ಹೆಜ್ಜೆ ಮುಗಿಯದಿದ್ದರೆ ಮುಂದಿನ ಚಿತ್ರ ಬರುವುದಿಲ್ಲ. ಆಗ ವಿಮಾನ ನಿಂತಂತೆ ಕಾಣುತ್ತದೆ. ಇದನ್ನು ‘ಹ್ಯಾಂಗ್ ಆಯಿತು’ ಅಥವಾ ‘ಹೆಪ್ಪುಗಟ್ಟಿತು’ ಎನ್ನುತ್ತೇವೆ.

ತಂತ್ರಾಂಶ ಕುಸಿಯುವುದು, ಅಂದರೆ ‘ಕ್ರ್ಯಾಶ್’ ಆಗುವುದು, ಇದಕ್ಕಿಂತ ಭಿನ್ನ. ಆಗ ತಂತ್ರಾಂಶ ಮುಚ್ಚಿಯೇ ಹೋಗುತ್ತದೆ. (ಆಟದಲ್ಲಿ ನಿಮ್ಮ ವಿಮಾನ ನೆಲಕ್ಕೆ ಬಡಿದರೆ ಅದು ತಂತ್ರಾಂಶದ ಕ್ರ್ಯಾಶ್ ಅಲ್ಲ. ತಂತ್ರಾಂಶ ತನ್ನ ಲೆಕ್ಕ ಸರಿಯಾಗಿ ಮಾಡಿದೆ ಎಂದರ್ಥ!) ಕುಸಿದಾಗ, ಕೊನೆಗೆ ಯಾವ ಸಾಲಿನಲ್ಲಿತ್ತು ಎಂಬ ಗುರುತು ಹಲವು ಸಲ ಉಳಿಯುತ್ತದೆ. ಹೆಪ್ಪುಗಟ್ಟಿದ ತಂತ್ರಾಂಶವಾದರೋ ಬದುಕಿದ್ದೂ ಮಾತಾಡದು. ಆದ್ದರಿಂದಲೇ ಅದರ ಕಾರಣ ಹುಡುಕುವುದು ಹೆಚ್ಚು ಕಷ್ಟ.

ಹೆಪ್ಪುಗಟ್ಟಲು ಮುಖ್ಯವಾಗಿ ಮೂರು ಕಾರಣಗಳು. ಒಂದು, ಮುಗಿಯದ ಸುತ್ತು: ಗಾಣದ ಎತ್ತಿನಂತೆ ತಂತ್ರಾಂಶ ಒಂದೇ ಕಡೆ ತಿರುಗುತ್ತಿರುತ್ತದೆ. ಎರಡು, ಬಾರದ ವಸ್ತುವಿಗಾಗಿ ಕಾಯುವುದು. ಮೂರು, ಪರಸ್ಪರ ಕಾಯುವುದು. ಬಾವಿಕಟ್ಟೆಯಲ್ಲಿ ಒಬ್ಬಳ ಕೈಯಲ್ಲಿ ಹಗ್ಗ, ಇನ್ನೊಬ್ಬಳ ಕೈಯಲ್ಲಿ ಬಿಂದಿಗೆ. “ನೀನು ಬಿಂದಿಗೆ ಕೊಡು, ಆಮೇಲೆ ಹಗ್ಗ ಕೊಡ್ತೀನಿ” ಎಂದು ಒಬ್ಬಳು, “ಮೊದಲು ಹಗ್ಗ ಕೊಡು” ಎಂದು ಇನ್ನೊಬ್ಬಳು. ಸಂಜೆಯಾದರೂ ಇಬ್ಬರ ಮನೆಗೂ ನೀರಿಲ್ಲ!

ಶಿರಾ ಸೀಮೆ ಸಮುದ್ರವಾದಾಗ

ನಮ್ಮ ವಿಮಾನದ ಕಾರಣ ಯಾವುದು? ಊಹೆ ಮಾಡುತ್ತಾ ಕೂರುವ ಬದಲು ಪರೀಕ್ಷೆಗೆ ಇಳಿದೆವು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಫಲಿತಾಂಶವನ್ನು ಬರೆದಿಡಬೇಕು. ಬೇರೆ ವಿಮಾನ ತೆಗೆದುಕೊಂಡೆವು, ನಿಂತಿತು. ಶಬ್ದ ಆರಿಸಿದೆವು, ನಿಂತಿತು. ವಾಯವ್ಯದ ಬದಲು ಪೂರ್ವಕ್ಕೆ, ಕೋಲಾರದ ಕಡೆ ಹಾರಿಸಿದೆವು. ನಿಲ್ಲಲಿಲ್ಲ! ಅಂದರೆ ತೊಂದರೆ ವಿಮಾನದಲ್ಲಿಲ್ಲ, ದಾರಿಯಲ್ಲಿದೆ.

ನೀವು ಭೂಪಟದಲ್ಲಿ ಅಕ್ಷಾಂಶ, ರೇಖಾಂಶ ಓದಿದ್ದೀರಿ. ಫ್ಲೈಟ್‌ಗೇರ್ ಭೂಮಿಯ ನೋಟವನ್ನು ಅದೇ ಗೆರೆಗಳ ಪ್ರಕಾರ ತುಂಡು ಮಾಡಿ ಇಟ್ಟುಕೊಂಡಿರುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣ ಪೂರ್ವ ರೇಖಾಂಶ 77 ಮತ್ತು 78 ಡಿಗ್ರಿಗಳ ನಡುವಿನ ತುಂಡಿನಲ್ಲಿದೆ. ಶಿರಾ ಇರುವುದು 76 ಮತ್ತು 77 ಡಿಗ್ರಿಗಳ ನಡುವೆ. ವಿಮಾನ ನಿಲ್ಲುತ್ತಿದ್ದದ್ದು 77ನೇ ಡಿಗ್ರಿಯ ಗೆರೆ ಸಮೀಪಿಸಿದಾಗ. ತಂತ್ರಾಂಶವು ತಾನು ಮಾಡಿದ್ದನ್ನೆಲ್ಲ ದಿನಚರಿಯಂತೆ ಒಂದು ಕಡತದಲ್ಲಿ ಬರೆದಿಡುತ್ತದೆ. ಇದಕ್ಕೆ ‘ಲಾಗ್’ ಎಂದು ಹೆಸರು. ಅದರ ಕೊನೆಯ ಸಾಲಿನಲ್ಲಿದ್ದದ್ದೂ ಶಿರಾ ಕಡೆಯ ತುಂಡೇ.

ಆ ತುಂಡಿನ ಕಡತಕೋಶಕ್ಕೆ ಬೇರೆ ಹೆಸರಿಟ್ಟು, ತಂತ್ರಾಂಶಕ್ಕೆ ಸಿಗದಂತೆ ಮಾಡಿ ಮತ್ತೆ ಹಾರಿಸಿದೆವು. ವಿಮಾನ ನಿಲ್ಲದೆ ಮುಂದೆ ಹೋಯಿತು. ಕೆಳಗೆ ಮಾತ್ರ ನೀಲಿ ಸಮುದ್ರ! ನೆಲದ ತುಂಡು ಸಿಗದಿದ್ದರೆ ಫ್ಲೈಟ್‌ಗೇರ್ ಅಲ್ಲಿ ಸಮುದ್ರ ತೋರಿಸುತ್ತದೆ. “ನಮ್ ಶಿರಾದಾಗೆ ಇಷ್ಟೊಂದ್ ನೀರಾ!” ಎಂದು ಅಮ್ಮ ಬೆರಗಾದರು.

ಕೊನೆಯ ಸುಳಿವು ಕೊಟ್ಟವಳು ಹುಡುಗನ ತಂಗಿ. “ಮಾವಾ, ಇಮಾನ ನಿಂತಾಗೆಲ್ಲ ಡಬ್ಬದೊಳಗೆ ಕಟಕಟ ಅಂತೈತೆ” ಎಂದಳು. ಕಿವಿಗೊಟ್ಟರೆ ಹೌದು! ಹಳೆಯ ಹಾರ್ಡ್ ಡಿಸ್ಕಿನ ಒಂದು ಜಾಗ ಕೆಟ್ಟಿತ್ತು. ಅಲ್ಲಿದ್ದ ಕಡತವನ್ನು ಓದಲು ಕಂಪ್ಯೂಟರು ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು, ತಂತ್ರಾಂಶ ಕಾಯುತ್ತಿತ್ತು. ಎರಡನೆಯ ಕಾರಣ! ಬೇರೆ ಡಿಸ್ಕಿಗೆ ಹೊಸದಾಗಿ ನಕಲು ಮಾಡಿಕೊಂಡೆವು. ವಿಮಾನ ಶಿರಾ ದಾಟಿತು.

ಮಂಗಳ ಗ್ರಹದಲ್ಲೂ ಹೀಗೇ

ಮನೆಯಲ್ಲಿ ನಿಂತರೆ ನಷ್ಟವೇನಿಲ್ಲ. ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿ ನಿಂತರೆ? 1997ರ ಜುಲೈ 4ರಂದು ಅಮೆರಿಕದ ‘ಪಾತ್‌ಫೈಂಡರ್’ ನೌಕೆ ಮಂಗಳ ಗ್ರಹದಲ್ಲಿ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರು ತಾನಾಗಿ ಮತ್ತೆ ಮತ್ತೆ ಮೊದಲಿನಿಂದ ಶುರುವಾಗತೊಡಗಿತು. ಹವಾಮಾನದ ಮಾಹಿತಿ ಕೂಡಿಸುವ ಸಣ್ಣ ಕೆಲಸವೊಂದು, ಬಹಳ ತುರ್ತಿನ ಇನ್ನೊಂದು ಕೆಲಸಕ್ಕೆ ಬೇಕಾದ ‘ಬೀಗದ ಕೈ’ಯನ್ನು ಹಿಡಿದುಕೊಂಡಿತ್ತು. ಅಷ್ಟರಲ್ಲಿ ನಡುವೆ ಬಂದ ಮೂರನೆಯ ಕೆಲಸ ಸಣ್ಣದನ್ನು ತಡೆದು ನಿಲ್ಲಿಸುತ್ತಿತ್ತು. ಹೀಗಾಗಿ ತುರ್ತಿನ ಕೆಲಸ ಕಾಯುತ್ತಲೇ ಉಳಿಯುತ್ತಿತ್ತು.

ಆದರೂ ನೌಕೆ ಸಾಯಲಿಲ್ಲ, ಏಕೆ? ಅದರಲ್ಲಿ ಕಾವಲು ವ್ಯವಸ್ಥೆ ಇತ್ತು. ರಾತ್ರಿ ಕಾವಲುಗಾರನ ಸೀಟಿ ಹೊತ್ತಿಗೆ ಸರಿಯಾಗಿ ಕೇಳದಿದ್ದರೆ ಊರವರು ಎದ್ದು ನೋಡುತ್ತಾರಲ್ಲವೆ? ಹಾಗೆಯೇ ಮುಖ್ಯ ಕೆಲಸ ಸಮಯಕ್ಕೆ ಮುಗಿಯದಿದ್ದರೆ ಈ ವ್ಯವಸ್ಥೆ ಕಂಪ್ಯೂಟರನ್ನು ಹೊಸದಾಗಿ ಶುರುಮಾಡುತ್ತದೆ. ವಿಜ್ಞಾನಿಗಳು ಭೂಮಿಯ ಮೇಲಿದ್ದ ಅಂಥದೇ ಯಂತ್ರದಲ್ಲಿ ಆ ತೊಂದರೆ ಮರುಕಳಿಸುವಂತೆ ಮಾಡಿ, ಕಾರಣ ಹುಡುಕಿ, ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು.

ಒಳ್ಳೆಯ ತಂತ್ರಾಂಶವೆಂದರೆ ಎಂದೂ ಕೆಡದ್ದು ಎಂದಲ್ಲ. ಕೆಟ್ಟಾಗ ಏನು ಮಾಡಬೇಕೆಂದು ಮೊದಲೇ ತಿಳಿದಿರುವಂಥದ್ದು. ನಮ್ಮ ದೇಶದ ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಅದಕ್ಕೆ ಮುಂಚೆ ನೆಲದ ಮೇಲಿನ ಸಿಮ್ಯುಲೇಟರುಗಳಲ್ಲಿ ಅದರ ಹಾರಾಟವನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದರು. ಪೈಲಟ್ ಕೈಯಾಡಿಸಿದ್ದನ್ನು ರೆಕ್ಕೆಗೆ ತಿಳಿಸುವುದು ಕಂಪ್ಯೂಟರೇ. ಅದಕ್ಕಾಗಿ ಒಂದೇ ಲೆಕ್ಕವನ್ನು ನಾಲ್ಕು ಸಾಲುಗಳು ಒಟ್ಟಿಗೆ ಮಾಡುತ್ತವೆ. ಒಂದು ಸಾಲು ಬೇರೆ ಉತ್ತರ ಕೊಟ್ಟರೆ ಅದನ್ನು ಬದಿಗಿಟ್ಟು ಉಳಿದವು ಕೆಲಸ ಮುಂದುವರಿಸುತ್ತವೆ. ಅಲ್ಲಿ ಕುಳಿತಿರುವುದು ಜೀವಂತ ಮನುಷ್ಯ. ಅವರಿಗೆ ‘ಮತ್ತೆ ಮೊದಲಿನಿಂದ’ ಎಂಬ ಗುಂಡಿ ಇಲ್ಲ.

ನೀವೂ ಮಾಡಿ ನೋಡಿ

ನಿಮ್ಮ ಶಾಲೆಯ ಕಂಪ್ಯೂಟರ್ ನಿಂತುಹೋದರೆ ಅದನ್ನು ಬಡಿಯಬೇಡಿ, ತಕ್ಷಣ ಆರಿಸಲೂ ಬೇಡಿ. ಪುಸ್ತಕದಲ್ಲಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1. ನಿಲ್ಲುವ ಮುಂಚೆ ನಾನು ಏನು ಮಾಡುತ್ತಿದ್ದೆ?
2. ಏನಾಗಬೇಕಿತ್ತು, ಏನಾಯಿತು?
3. ಹಾಗೆಯೇ ಮಾಡಿದರೆ ಮತ್ತೆ ನಿಲ್ಲುತ್ತದೆಯೆ?
4. ಒಂದೇ ಒಂದನ್ನು ಬದಲಿಸಿದರೆ ಏನಾಗುತ್ತದೆ?

ಬರೆದದ್ದನ್ನು ಶಿಕ್ಷಕರಿಗೆ ತೋರಿಸಿ. ಮುಕ್ತ ತಂತ್ರಾಂಶ ಕಟ್ಟುವವರು ದೂರದ ಊರುಗಳ ಬಳಕೆದಾರರಿಂದ ಕೇಳುವುದೂ ಇಷ್ಟನ್ನೇ. ತಂತ್ರಾಂಶ ಬರೆಯಲು ಬಾರದವರೂ ಗಮನಿಸಬಲ್ಲರು, ‘ಕಟಕಟ’ ಸದ್ದು ಕೇಳಬಲ್ಲರು.