ಮಾತ್ರೆಯನ್ನು ಬಲ್ಲ ರೋಗಿ

ವೈದ್ಯರು ಬರೆದ ಔಷಧವು ರೋಗಿಯ ದೇಹವನ್ನು ಸೇರುವ ಮೊದಲು ಚೀಟಿ, ಔಷಧ ಅಂಗಡಿ, ಮನೆಯವರ ಕೈ ಎಂಬ ಹಲವು ಹಂತಗಳನ್ನು ದಾಟುತ್ತದೆ. ಈ ಪ್ರತಿಯೊಂದು ಹಂತದಲ್ಲೂ ತಪ್ಪು ನುಸುಳಲು ಎಡೆಯಿದೆ. ಈ ಎಲ್ಲ ಹಂತಗಳ ಕೊನೆಯಲ್ಲಿ ನಿಂತಿರುವವರು ರೋಗಿಯೇ ಆದುದರಿಂದ, ಬೇರೆಯವರ ಕಣ್ಣು ತಪ್ಪಿಸಿ ಬಂದ ದೋಷವನ್ನು ತಡೆಯುವ ಕೊನೆಯ ಅವಕಾಶವೂ ಅವರದೇ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಗಳಿಂದಾಗುವ ತಪ್ಪಿಸಬಹುದಾದ ಹಾನಿಯನ್ನು ತಗ್ಗಿಸಲು ಜಾಗತಿಕ ಕಾರ್ಯಕ್ರಮವೊಂದನ್ನು ಆರಂಭಿಸಿದಾಗ, ವೈದ್ಯರು ಮತ್ತು ದಾದಿಯರ ಜೊತೆಗೆ ರೋಗಿಯನ್ನೂ ಸುರಕ್ಷತೆಯ ಪಾಲುದಾರರೆಂದು ಪರಿಗಣಿಸಿದ್ದು ಈ ಕಾರಣಕ್ಕಾಗಿಯೇ.

ತಿಳಿವಳಿಕೆಯ ಮೊದಲ ಮೆಟ್ಟಿಲು ಔಷಧದ ಹೆಸರು. ಪ್ರತಿ ಔಷಧಕ್ಕೂ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು ಒಂದಾದರೆ, ಅದರೊಳಗಿನ ರಾಸಾಯನಿಕವನ್ನು ಸೂಚಿಸುವ ಜೆನೆರಿಕ್ ಹೆಸರು, ಅಂದರೆ ಮೂಲನಾಮ, ಇನ್ನೊಂದು. ಡೋಲೋ, ಕ್ರೋಸಿನ್, ಕಾಲ್ಪಾಲ್ ಎಂದು ಹೆಸರುಗಳು ಬೇರೆಯಾದರೂ ಜ್ವರಕ್ಕೆಂದು ನುಂಗುವ ಆ ಮಾತ್ರೆಗಳಲ್ಲಿ ಇರುವುದು ಪ್ಯಾರಾಸಿಟಮಾಲ್. ನೆಗಡಿಯ ಹಲವು ಮಾತ್ರೆಗಳಲ್ಲೂ ಅದೇ ಬೆರೆತಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಅದರ ಗರಿಷ್ಠ ಮಿತಿ, ಯಕೃತ್ತಿನ ತೊಂದರೆ ಇರುವವರಿಗೆ ಮತ್ತೂ ಕಡಿಮೆ. 650 ಮಿಲಿಗ್ರಾಮಿನ ಆರು ಮಾತ್ರೆಗಳೇ 3.9 ಗ್ರಾಂ ಆಗುವುದರಿಂದ, ಮೈಕೈ ನೋವಿಗೆ ಒಂದು, ನೆಗಡಿಗೆ ಇನ್ನೊಂದು ಎಂದು ನುಂಗುತ್ತ ಹೋದವರು ತಮಗೆ ಅರಿವಿಲ್ಲದೆಯೇ ಯಕೃತ್ತನ್ನು ಅಪಾಯಕ್ಕೆ ಒಡ್ಡಬಹುದು. ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಇರುವವರಿಗೆ ಈ ಅಪಾಯ ಮೊದಲೇ ಕಾಣುತ್ತದೆ.

ಹೆಸರಿನಷ್ಟೇ ಅಳತೆಯೂ ಮುಖ್ಯವೆಂಬುದಕ್ಕೆ ಇನ್ಸುಲಿನ್ ಸ್ಪಷ್ಟ ನಿದರ್ಶನ. ಭಾರತದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿಗಳೂ 100 ಯೂನಿಟ್ ಇರುವವೂ ಮಾರಾಟದಲ್ಲಿವೆ. ಮೊದಲನೆಯದಕ್ಕೆ ಬಳಸುವ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಸಿರಿಂಜಿಗೆ ಬರುವುದು ಅರ್ಧ ಮಿಲಿಲೀಟರ್ ದ್ರವ, ಅಂದರೆ 20 ಯೂನಿಟ್ ಅಲ್ಲ, 50 ಯೂನಿಟ್. ಎರಡೂವರೆ ಪಟ್ಟಾದ ಆ ಪ್ರಮಾಣದಿಂದ ರಕ್ತದ ಸಕ್ಕರೆ ಹಠಾತ್ತನೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ಬಾಟಲಿಯ ಮೇಲಿನ ಅಂಕಿಯನ್ನು ಸಿರಿಂಜಿನ ಮೇಲಿನ ಅಂಕಿಯೊಂದಿಗೆ ತಾಳೆ ನೋಡಲು ಬೇಕಾಗುವುದು ಕೆಲವೇ ಕ್ಷಣ.

ಔಷಧವನ್ನು ಯಾವಾಗ, ಎಷ್ಟು ದಿನಕ್ಕೊಮ್ಮೆ ತೆಗೆದುಕೊಳ್ಳಬೇಕೆಂಬುದೂ ಇಷ್ಟೇ ಗಂಭೀರ ವಿಷಯ. ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಸೇವಿಸಬೇಕು. ಉಳಿದ ಮಾತ್ರೆಗಳಂತೆ ಇದೂ ದಿನನಿತ್ಯದ್ದೆಂದು ಭಾವಿಸಿ ಪ್ರತಿದಿನ ನುಂಗಿದರೆ ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆಯೇ ಸೊರಗಿ ಪ್ರಾಣಾಪಾಯ ಒದಗಬಹುದು. ಥೈರಾಯ್ಡ್ ಕೊರತೆಗೆ ಕೊಡುವ ಲೆವೊಥೈರಾಕ್ಸಿನ್ ವಿಷಯದಲ್ಲಿ ತೊಂದರೆ ಬೇರೆ ಬಗೆಯದು. ಬೆಳಗಿನ ಕಾಫಿಯೊಂದಿಗೇ ಅದನ್ನು ನುಂಗಿದರೆ ದೇಹ ಅದನ್ನು ಹೀರಿಕೊಳ್ಳುವುದು ಕುಂಠಿತಗೊಳ್ಳುವುದರಿಂದ, ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಸೇವಿಸಿ ಕಾಫಿ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಗಳ ಅಂತರ ಬೇಕು. ಇದು ಗೊತ್ತಿಲ್ಲದೆ ಹೋದರೆ, ತಪ್ಪದೆ ಮಾತ್ರೆ ತೆಗೆದುಕೊಂಡರೂ ರಕ್ತಪರೀಕ್ಷೆಯಲ್ಲಿ ಏರುಪೇರು ಉಳಿದು, ಪ್ರಮಾಣವನ್ನು ಅನಗತ್ಯವಾಗಿ ಹೆಚ್ಚಿಸುವ ಪ್ರಸಂಗ ಬರುತ್ತದೆ.

ಇಷ್ಟೆಲ್ಲ ತಿಳಿದುಕೊಳ್ಳಲು ರೋಗಿ ವೈದ್ಯಶಾಸ್ತ್ರ ಓದಬೇಕಿಲ್ಲ, ಕೇಳಿದರೆ ಸಾಕು. ಆದರೆ ಹೊರಗೆ ಸಾಲು ಕಾದಿರುವಾಗ ಡಾಕ್ಟರ ಸಮಯ ಹಾಳು ಮಾಡಬಾರದೆಂಬ ಸಂಕೋಚವೂ, ಪ್ರಶ್ನೆ ಕೇಳಿದರೆ ನಂಬಿಕೆಯಿಲ್ಲವೆಂದು ತಿಳಿದಾರೆಂಬ ಅಳುಕೂ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿವೆ. ಕಷಾಯ, ಲೇಹ್ಯ, ನಾಟಿ ಔಷಧಗಳ ವಿಷಯವನ್ನು ಬೈಸಿಕೊಳ್ಳುವ ಭಯದಿಂದ ಮುಚ್ಚಿಡುವವರೂ ಇದ್ದಾರೆ. ಇವುಗಳಲ್ಲಿ ಕೆಲವು ವೈದ್ಯರು ಕೊಟ್ಟ ಔಷಧದ ಪರಿಣಾಮವನ್ನು ಏರಿಳಿಸಬಲ್ಲವಾದ್ದರಿಂದ ಈ ಮೌನ ಅಪಾಯಕಾರಿ. ಮತ್ತೊಂದೆಡೆ, ತಾವೇ ಎಲ್ಲ ಬಲ್ಲೆವೆಂದು ಬಿ.ಪಿ. ಮಾತ್ರೆಯನ್ನೋ ಸ್ಟೀರಾಯ್ಡನ್ನೋ ಹೇಳದೆ ಕೇಳದೆ ನಿಲ್ಲಿಸುವುದು ತಿಳಿವಳಿಕೆಯಲ್ಲ. ಸಂಶಯ ಬಂದಾಗ ವೈದ್ಯರಲ್ಲಿಗೆ ಮರಳಿ ಹೋಗುವುದೇ ಅದರ ಲಕ್ಷಣ. ಔಷಧದಿಂದ ತೊಂದರೆಯಾದರೆ ಮೊದಲು ವೈದ್ಯರಿಗೆ ತಿಳಿಸಬೇಕು. ಜೊತೆಗೆ, 2010ರಿಂದ ನಡೆಯುತ್ತಿರುವ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಗಳೇ ದೂರು ದಾಖಲಿಸಬಹುದು.

ಆದ್ದರಿಂದ ಪ್ರತಿಯೊಬ್ಬ ರೋಗಿಯೂ ತಾನು ಸೇವಿಸುವ ಎಲ್ಲ ಔಷಧಗಳ ಮೂಲನಾಮ, ಪ್ರಮಾಣ, ವೇಳೆ ಮತ್ತು ಉದ್ದೇಶವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಯಾವ ವೈದ್ಯರ ಬಳಿ ಹೋದರೂ ಅದನ್ನು ತೋರಿಸಲಿ. ಓದಲು ಬಾರದ ಹಿರಿಯರಿಗೆ ಮನೆಯವರು ಬರೆದುಕೊಡಲಿ. ವೈದ್ಯರ ಮೇಲೆ ವಿಶ್ವಾಸವಿಡುವುದೂ ಪ್ರಶ್ನೆ ಕೇಳುವುದೂ ಒಂದಕ್ಕೊಂದು ವಿರುದ್ಧವಲ್ಲ, ಚಿಕಿತ್ಸೆ ಫಲಿಸಲು ಎರಡೂ ಬೇಕು.